ನಿಯೆವೆಸ್ ನವಾರೊ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸ್ಪೇನಿನ ಈ ನಟಿಯ ಇಟಾಲಿಯನ್ ಸಿನಿಮಾಗಳನ್ನು ಹುಡುಕಿದರೆ ಅರ್ಧದಷ್ಟೇ ಸಿಗುತ್ತಿವೆ. ಯಾಕೆ?

ಉತ್ತರ 1: ಟೈಟಲ್ ಕಾರ್ಡಿನಲ್ಲಿ ಹೆಸರೇ ಬೇರೆ! ‘ಸೂಸನ್ ಸ್ಕಾಟ್’ ಅಂತಲೂ ಹುಡುಕಿ. ಹೊರದೇಶದ ಮಾರುಕಟ್ಟೆಗಾಗಿ ಆಗ ಇಂಗ್ಲಿಷ್ ಹೆಸರಿಡುವುದು ಮಾಮೂಲು. ಮೊದಲು 1965ರ ‘ಎ ಪಿಸ್ಟಲ್ ಫಾರ್ ರಿಂಗೊ’ ನೋಡಿ. ದುಚ್ಚೊ ತೆಸ್ಸಾರಿ ನಿರ್ದೇಶನ. ಅದು ಅಗಲ ಪರದೆಯ ಚಿತ್ರ, ಬದಿ ಕತ್ತರಿಸಿದ ಟಿವಿ ಪ್ರತಿ ಬೇಡ.

ಉತ್ತರ 2: ನನ್ನ ಪ್ರಕಾರ ಜಾಲ್ಲೊ (ಇಟಲಿಯ ಕೊಲೆ-ರಹಸ್ಯ) ಚಿತ್ರಗಳೇ ಮೇಲು. ಪತಿ ಲೂಚಾನೊ ಎರ್ಕೋಲಿ ನಿರ್ದೇಶಿಸಿದ ‘ಡೆತ್ ವಾಕ್ಸ್ ಆನ್ ಹೈ ಹೀಲ್ಸ್’ (1971), ‘ಡೆತ್ ವಾಕ್ಸ್ ಅಟ್ ಮಿಡ್‌ನೈಟ್’ (1972) ಎರಡರಲ್ಲೂ ಆಕೆಯೇ ನಾಯಕಿ. ಕಥಾಸಾರ ಓದಬೇಡಿ, ಮೊದಲನೆಯದರ ತಿರುವು ಕೆಡುತ್ತದೆ.

ಪ್ರಶ್ನೆ ಕೇಳಿದವರು: ತುಟಿಗೂ ಮಾತಿಗೂ ತಾಳವಿಲ್ಲವಲ್ಲ, ಪ್ರತಿ ಕೆಟ್ಟಿದೆಯೇ?

ಉತ್ತರ 1: ಇಲ್ಲ. ಧ್ವನಿ ಆಮೇಲೆ ಡಬ್ ಆದದ್ದು, ಇಟಾಲಿಯನ್ನಿನಲ್ಲೂ ಹಾಗೇ.