ಬ್ಲ್ಯಾಕ್ ಪಿಲ್‌ನಲ್ಲಿ ಹತ್ತು ಬ್ಯಾಂಡ್ ಈಕ್ವಲೈಜರ್: ಫಿಲ್ಟರ್ ಹಾಕಿದ ಕೂಡಲೇ ಟಪ್ ಎಂದು ಮೌನ

ಬೆಸುಗೆ_ಕಡ್ಡಿ:
ಎಲ್ಲರಿಗೂ ನಮಸ್ಕಾರ. ಹಾಡಿನ ಒಂದೊಂದು ಸ್ವರಮಟ್ಟವನ್ನು (ಬ್ಯಾಂಡ್) ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್ ಮಾಡ್ತಿದ್ದೇನೆ. ಬೋರ್ಡ್ ಬ್ಲ್ಯಾಕ್ ಪಿಲ್, ಅದರ ಮೈಕ್ರೋಕಂಟ್ರೋಲರ್ ಚಿಪ್ ಎಸ್‌ಟಿಎಂ32ಎಫ್411, 100 ಮೆಗಾಹರ್ಟ್ಜ್. ಒಳಕ್ಕೆ ಪಿಸಿಎಂ1808 (ಸದ್ದಿನ ಸಿಗ್ನಲ್ ಅನ್ನು ಸಂಖ್ಯೆ ಮಾಡುವ ಎಡಿಸಿ), ಹೊರಕ್ಕೆ ಪಿಸಿಎಂ5102ಎ (ಸಂಖ್ಯೆಯನ್ನು ಮತ್ತೆ ಸಿಗ್ನಲ್ ಮಾಡುವ ಡಿಎಸಿ), 48 ಕಿಲೋಹರ್ಟ್ಜ್ ಸ್ಟೀರಿಯೊ. ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಡೇಟಾ ಸಾಗಿಸುವ ವ್ಯವಸ್ಥೆ) ಬಫರ್ ಎರಡು ಭಾಗ, ಒಂದೊಂದಕ್ಕೆ 64 ಫ್ರೇಮ್ (ಎಡ-ಬಲ ಸ್ಯಾಂಪಲ್ ಜೋಡಿ). 31.5ರಿಂದ 16,000 ಹರ್ಟ್ಜ್‌ವರೆಗೆ ಹತ್ತು ಬ್ಯಾಂಡ್, ಕ್ಯೂ (ಬ್ಯಾಂಡ್ ಎಷ್ಟು ಕಿರಿದು ಅನ್ನೋ ಅಳತೆ) 1.41, ±12 ಡಿಬಿ. ಸ್ಲೈಡರ್‌ಗಳು 10ಕೆ ಲೀನಿಯರ್, 4067 ಮಲ್ಟಿಪ್ಲೆಕ್ಸರ್ (ಹಲವು ತಂತಿಗಳಲ್ಲಿ ಒಂದನ್ನು ಆರಿಸುವ ಚಿಪ್) ಮೂಲಕ ಮೈಕ್ರೋಕಂಟ್ರೋಲರ್‌ನದೇ ಎಡಿಸಿಗೆ.

ಫಿಲ್ಟರ್ ಇಲ್ಲದಿದ್ದರೆ ಹಾಡು ಶುದ್ಧವಾಗಿ ಬರುತ್ತೆ. ಹಾಕಿದ ಕೂಡಲೇ ಒಂದು ಸಲ ಟಪ್ ಅಂದು ಪೂರ್ತಿ ಮೌನ, ರೀಸೆಟ್ ಒತ್ತುವವರೆಗೂ ಅಷ್ಟೇ. ಸಿಎಂಎಸ್ಐಎಸ್ ಲೈಬ್ರರಿಯ ಫ್ಲೋಟ್ (32 ಬಿಟ್ ದಶಮಾಂಶ) ಬೈಕ್ವಾಡ್, ಅಂದರೆ ಬ್ಯಾಂಡಿಗೆ ಒಂದರಂತೆ ಐದು ಗುಣಾಂಕಗಳ ಫಿಲ್ಟರ್, ಬಳಸಿದ್ದೇನೆ. ಗುಣಾಂಕಗಳು ರಾಬರ್ಟ್ ಬ್ರಿಸ್ಟೋ-ಜಾನ್ಸನ್ ಅವರ 'ಕುಕ್‌ಬುಕ್' ಎಂಬ ಫಿಲ್ಟರ್ ಸೂತ್ರಗಳ ಸಂಗ್ರಹದ ಪೀಕಿಂಗ್ (ಒಂದು ಬ್ಯಾಂಡನ್ನು ಎತ್ತುವ-ಇಳಿಸುವ) ಸೂತ್ರದವು. ಚಿಪ್‌ಗೆ ಲೆಕ್ಕ ಭಾರವಾಯ್ತಾ? ಫ್ಲೋಟ್ ಬಿಟ್ಟು ಕ್ಯೂ15ಗೆ (16 ಬಿಟ್‌ನ ಸ್ಥಿರ-ಬಿಂದು ಲೆಕ್ಕಕ್ಕೆ) ಹೋಗಲಾ?

ಸೊನ್ನೆ_ಡಿಬಿ:
ಚಿಪ್‌ನದೇನೂ ತಪ್ಪಿಲ್ಲ ಸರ್, ತಪ್ಪಿರೋದು ಚಿಹ್ನೆ. ಕುಕ್‌ಬುಕ್‌ನಲ್ಲಿ ಹಿಂದಿನ ಉತ್ತರಗಳನ್ನು ಗುಣಿಸುವ ಎ1, ಎ2 ಗುಣಾಂಕಗಳನ್ನು ಕಳೆಯುತ್ತಾರೆ, ಸಿಎಂಎಸ್ಐಎಸ್ ಅವನ್ನು ಕೂಡುತ್ತದೆ. ಆದ್ದರಿಂದ ಐದನ್ನೂ ಎ0ಯಿಂದ ಭಾಗಿಸಿದ ಮೇಲೆ ಎ1, ಎ2ಗಳ ಚಿಹ್ನೆ ತಿರುಗಿಸಿ ಕೊಡಬೇಕು. ತಿರುಗಿಸದೆ ಬಿಟ್ಟರೆ 31.5 ಹರ್ಟ್ಜ್ ಬ್ಯಾಂಡ್‌ನ ಉತ್ತರ ಪ್ರತಿ ಸ್ಯಾಂಪಲ್‌ಗೂ ಸುಮಾರು 2.4 ಪಟ್ಟು ಬೆಳೆಯುತ್ತೆ. ಎರಡು-ಮೂರು ಮಿಲಿಸೆಕೆಂಡ್‌ನಲ್ಲಿ ಫ್ಲೋಟ್‌ನ ಮಿತಿ ದಾಟಿ 'ನ್ಯಾನ್' (ಸಂಖ್ಯೆಯೇ ಅಲ್ಲದ್ದು) ಆಗುತ್ತೆ. ನ್ಯಾನ್ ಅನ್ನು ಪೂರ್ಣಾಂಕ ಮಾಡಿದರೆ ಈ ಪ್ರೊಸೆಸರ್ ಕೊಡೋದು ಸೊನ್ನೆ. ನಿಮ್ಮ ಮೌನ ಅದೇ. ಸ್ಟೇಟ್ ಅರೇ (ಫಿಲ್ಟರ್ ನೆನಪಿಡುವ ಬೆಲೆಗಳ ಪಟ್ಟಿ) ಒಳಗೆ ಒಮ್ಮೆ ನ್ಯಾನ್ ಹೊಕ್ಕರೆ ತಾನಾಗಿ ಹೋಗಲ್ಲ, ಅರೇಯನ್ನು ಸೊನ್ನೆ ಮಾಡಲೇಬೇಕು.

ಕ್ಯೂ15 ಬೇಡವೇ ಬೇಡ. 31.5 ಹರ್ಟ್ಜ್‌ಗೆ ಸೂತ್ರದಲ್ಲಿನ ಕೊಸೈನ್ ಬೆಲೆ 0.9999915. 1ಕ್ಕೂ ಅದಕ್ಕೂ ಇರುವ ಅಂತರ 0.0000085, ಕ್ಯೂ15ರ ಒಂದು ಮೆಟ್ಟಿಲು 0.00003. ಬ್ಯಾಂಡ್ ಎಲ್ಲಿದೆ ಅಂತಲೇ ಅದಕ್ಕೆ ಕಾಣಲ್ಲ.

ಸಮಯದ ಲೆಕ್ಕ: 64 ಫ್ರೇಮ್ ಅಂದರೆ 1.33 ಮಿಲಿಸೆಕೆಂಡ್, ಸುಮಾರು 1,33,000 ಸೈಕಲ್. ಎರಡು ಚಾನೆಲ್ ಸೇರಿ ಇಪ್ಪತ್ತು ಬೈಕ್ವಾಡ್‌ಗೆ ಧಾರಾಳ. ಆದರೆ ಕೋಡ್‌ನಲ್ಲಿ ಎಲ್ಲೂ ಡಬಲ್ (64 ಬಿಟ್ ದಶಮಾಂಶ) ನುಸುಳಬಾರದು. 0.5 ಅಂತ ಬರೆದು ಹಿಂದೆ ಎಫ್ ಮರೆತರೆ ಸಾಕು, ಈ ಚಿಪ್‌ನ ಎಂ4 ಪ್ರೊಸೆಸರ್‌ನ ಎಫ್‌ಪಿಯು (ದಶಮಾಂಶ ಲೆಕ್ಕದ ಘಟಕ) ಸಿಂಗಲ್ (32 ಬಿಟ್) ಮಾತ್ರ ಬಲ್ಲದು, ಉಳಿದದ್ದು ಸಾಫ್ಟ್‌ವೇರ್‌ನಲ್ಲಿ ತೆವಳುತ್ತೆ. ಕಾಲ್‌ಬ್ಯಾಕ್ (ಪ್ರತಿ 64 ಫ್ರೇಮ್‌ಗೊಮ್ಮೆ ಓಡುವ ಕೋಡ್) ಶುರುವಾದಾಗ ಒಂದು ಪಿನ್ ಮೇಲೆತ್ತಿ, ಮುಗಿದಾಗ ಇಳಿಸಿ ಆಸಿಲೋಸ್ಕೋಪ್‌ನಲ್ಲಿ ನೋಡಿ.

ಬೆಸುಗೆ_ಕಡ್ಡಿ:
ಚಿಹ್ನೆ ತಿರುಗಿಸಿದೆ, ಹಾಡು ಬಂತು! ಪಿನ್ ಕಾಲುಭಾಗ ಸಮಯ ಮಾತ್ರ ಮೇಲಿರುತ್ತೆ. ಈಗ ಮೂರು ತೊಂದರೆ: 63 ಹರ್ಟ್ಜ್ +8 ದಾಟಿದರೆ ಪಟಪಟ ಒಡೆಯುತ್ತೆ, ಸ್ಲೈಡರ್ ಎಳೆಯುವಾಗ ಗರಗರ, ಹಾಡು ನಿಲ್ಲಿಸಿದಾಗ ಸಣ್ಣಗೆ ಕುಂಯ್ ಅನ್ನೋ ಸಿಳ್ಳೆ.

ತಂತಿ_ತಾಮ್ರ:
ಪಟಪಟ: +12 ಡಿಬಿ ಅಂದರೆ ನಾಲ್ಕು ಪಟ್ಟು. ಫ್ಲೋಟ್ ಒಳಗೆ ಎಷ್ಟಾದರೂ ಹಿಡಿಸುತ್ತೆ, ಒಡೆಯೋದು ಕೊನೆಯಲ್ಲಿ. 24 ಬಿಟ್ ಸಂಖ್ಯೆಯನ್ನು 8 ಬಿಟ್ ಎಡಕ್ಕೆ ತಳ್ಳುವಾಗ ಮಿತಿ ಮೀರಿದ್ದರೆ ಮೇಲಿನ ಬಿಟ್‌ಗಳು ಉದುರಿ ಧನ ಇದ್ದದ್ದು ಋಣ ಆಗುತ್ತೆ. ತಳ್ಳುವ ಮುಂಚೆ ±83,88,607ಕ್ಕೆ ಕಟ್ಟಿಹಾಕಿ. ಅದು ಬೇಲಿ ಅಷ್ಟೇ. ನಿಜವಾದ ಮದ್ದು, ಅತಿ ಹೆಚ್ಚು ಎತ್ತಿದ ಬ್ಯಾಂಡ್ ಎಷ್ಟೋ ಅಷ್ಟು ಡಿಬಿಯನ್ನು ಒಳಬರುವಲ್ಲೇ ಇಳಿಸೋದು. ಪಕ್ಕಪಕ್ಕದ ಬ್ಯಾಂಡ್‌ಗಳು ಒಂದರ ಮೇಲೊಂದು ಕೂಡುತ್ತವೆ, ಎರಡನ್ನೂ ಎತ್ತಿದ್ದರೆ ಇನ್ನೂ ಮೂರ್ನಾಲ್ಕು ಡಿಬಿ ಇಳಿಸಿ. ಒಳಗಿನ ಮಟ್ಟವನ್ನೂ ಅಳೆಯಿರಿ: ಪಿಸಿಎಂ1808 ತಡೆಯೋದು 3 ವೋಲ್ಟ್ ಪೀಕ್-ಟು-ಪೀಕ್, 2 ವೋಲ್ಟ್ ಆರ್‌ಎಂಎಸ್ ಕೊಡುವ ಸಿಡಿ ಪ್ಲೇಯರ್ 5.6 ತಳ್ಳುತ್ತೆ. ಎರಡು 10ಕೆ ರೆಸಿಸ್ಟರ್‌ಗಳ ಡಿವೈಡರ್ ಹಾಕಿ, ಅರ್ಧಕ್ಕೆ ಇಳಿಯುತ್ತೆ.

ಗರಗರ: ಫ್ರೀಕ್ವೆನ್ಸಿ, ಕ್ಯೂ ಎರಡೂ ಬದಲಾಗಲ್ಲ. ಹಾಗಾಗಿ ಸೈನ್-ಕೊಸೈನ್ ಶುರುವಿನಲ್ಲಿ ಒಮ್ಮೆ ಲೆಕ್ಕ ಹಾಕಿದರೆ ಮುಗಿಯಿತು. ಗೇನ್‌ಗೆ ಅರ್ಧ ಡಿಬಿ ಮೆಟ್ಟಿಲಿನ 49 ಸಾಲಿನ ಟೇಬಲ್ ಸಾಕು. ಸ್ಲೈಡರ್ ಎಲ್ಲಿಗೇ ಹೋಗಲಿ, ಒಂದು ಬ್ಲಾಕ್‌ಗೆ (64 ಫ್ರೇಮ್‌ಗೆ) ಒಂದೇ ಮೆಟ್ಟಿಲು ಹತ್ತಿಸಿ. ಕೆಳಗಿಂದ ಮೇಲಕ್ಕೆ 48 ಮೆಟ್ಟಿಲು, 64 ಮಿಲಿಸೆಕೆಂಡ್; ಕೈಗೆ ತಡ ಗೊತ್ತಾಗಲ್ಲ. ಹೊಸ ಗುಣಾಂಕಗಳನ್ನು ಬ್ಲಾಕ್ ಶುರುವಾಗುವಾಗ ಮಾತ್ರ ಬದಲಿಸಿ, ನಡುವೆ ಬೇಡ. 4067 ಚಾನೆಲ್ ಬದಲಿಸಿದ ಮೇಲೆ ಮೊದಲ ಓದು ಬಿಸಾಕಿ, ಅದರಲ್ಲಿ ಹಿಂದಿನ ಸ್ಲೈಡರ್‌ನ ಉಳಿಕೆ ಇರುತ್ತೆ.

ಸೊನ್ನೆ_ಡಿಬಿ:
ಸಿಳ್ಳೆ ಬಗ್ಗೆ: 48,000 ಭಾಗಿಸು 64, 750 ಹರ್ಟ್ಜ್. ಫೋನಿನ ಸ್ಪೆಕ್ಟ್ರಮ್ ಆ್ಯಪ್ ಹಿಡಿದು ನೋಡಿ, ಅಲ್ಲೇ ಇದ್ದರೆ ಅದು ನಿಮ್ಮ ಕಾಲ್‌ಬ್ಯಾಕ್‌ನ ಸದ್ದು. ಲೆಕ್ಕ ಮಾಡುವಾಗ ಚಿಪ್ ಹೆಚ್ಚು ಕರೆಂಟ್ ಎಳೆದು ಆಮೇಲೆ ಸುಮ್ಮನಾಗುತ್ತೆ. ಅದು 5 ವೋಲ್ಟ್ ಮತ್ತು ಗ್ರೌಂಡ್ ಮೂಲಕ ಪಿಸಿಎಂ1808ಕ್ಕೆ ಹೋಗುತ್ತೆ. ಖಾತ್ರಿಗೆ ಬ್ಲಾಕ್ 32 ಮಾಡಿ, ಸಿಳ್ಳೆ 1,500ಕ್ಕೆ ಏರಬೇಕು.

ಪಿಸಿಎಂ1808 ಬೋರ್ಡಿನ 5 ವೋಲ್ಟ್‌ಗೆ ಸರಣಿಯಲ್ಲಿ 10 ಓಮ್, ಆ ಬೋರ್ಡ್ ಕಡೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಮೂರೂ ಬೋರ್ಡ್‌ಗಳ ಗ್ರೌಂಡ್ ಸರಪಳಿ ಬೇಡ, ಒಂದೇ ಜಾಗದಲ್ಲಿ ಸೇರಿಸಿ. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತಂತಿ ಚುಚ್ಚುವ ಹಲಗೆ) ಮೇಲೇ ಇದ್ದರೆ ಮೊದಲು ಅದನ್ನು ಬಿಡಿ.

ಬೆಸುಗೆ_ಕಡ್ಡಿ:
32 ಮಾಡಿದೆ, 1,500ಕ್ಕೆ ಏರಿತು. ಬ್ರೆಡ್‌ಬೋರ್ಡೇ ಸರ್. ಶನಿವಾರ ಬೆಸುಗೆ ಹಾಕ್ತೀನಿ.