ಪೈಥಾನ್ ಕಾಂಪೊನೆಂಟ್: ಬಿಲ್ಡ್ ಆಗುತ್ತೆ, ಓಡಿಸಿದರೆ ಮಾಡ್ಯೂಲ್ ಸಿಗಲ್ಲ

ಪ್ರಶ್ನೆ

ನಮಸ್ಕಾರ. ಪೈಥಾನ್‌ನಲ್ಲಿ ಬರೆದ ಲಾಗ್ ಪಾರ್ಸರ್ ಒಂದನ್ನು ಕಾಂಪೊನೆಂಟೈಸ್-ಪೈ ಎಂಬ ಟೂಲ್ ಬಳಸಿ ವೆಬ್‌ಅಸೆಂಬ್ಲಿ (ಚುಟುಕಾಗಿ ವಾಸ್ಮ್) ಕಾಂಪೊನೆಂಟ್ ಮಾಡಿದ್ದೇನೆ. ಬಿಲ್ಡ್‌ನಲ್ಲಿ ಒಂದೂ ಎರರ್ ಇಲ್ಲ. ವಾಸ್ಮ್ ಫೈಲ್ ಓಡಿಸುವ ವಾಸ್ಮ್‌ಟೈಮ್‌ನಲ್ಲಿ ಓಡಿಸಿದರೆ ದಿನಾಂಕ ಓದುವ ಸಾಲಿಗೆ ಬಂದ ಕೂಡಲೇ ನಿಲ್ಲುತ್ತೆ: ‘ಅಂಡರ್‌ಸ್ಕೋರ್ ಸ್ಟ್ರ್‌ಪ್‌ಟೈಮ್’ ಎಂಬ ಮಾಡ್ಯೂಲ್ ಇಲ್ಲವಂತೆ. ಅದನ್ನು ನಾನು ಎಲ್ಲೂ ಇಂಪೋರ್ಟ್ ಮಾಡಿಲ್ಲ. ಮಾಮೂಲಿ ಪೈಥಾನ್‌ನಲ್ಲಿ ಇದೇ ಕೋಡ್ ಸಲೀಸಾಗಿ ಓಡುತ್ತೆ. ಏನಿರಬಹುದು?

ಉತ್ತರ

ಇಂಪೋರ್ಟ್ ನೀವು ಮಾಡಿಲ್ಲ, ಪೈಥಾನ್‌ನ ಡೇಟ್‌ಟೈಮ್ ಮಾಡ್ಯೂಲ್ ಮಾಡುತ್ತೆ. ಅದರ ಸ್ಟ್ರ್‌ಪ್‌ಟೈಮ್ ಫಂಕ್ಷನ್ ಮೊದಲ ಸಲ ಕರೆದಾಗಷ್ಟೇ ಆ ಒಳಗಿನ ಮಾಡ್ಯೂಲನ್ನು ಹುಡುಕಿಕೊಂಡು ಹೋಗುತ್ತೆ.

ಇಲ್ಲಿ ಕಂಪೈಲ್ ಅಂದರೆ ನಿಮ್ಮ ಪೈಥಾನ್ ಸಾಲುಗಳು ನೇರವಾಗಿ ವಾಸ್ಮ್ ಸೂಚನೆಗಳಾಗುವುದಲ್ಲ. ವಾಸ್ಮ್‌ಗೆ ಕಂಪೈಲ್ ಆದ ಸಿಪೈಥಾನ್ (ಅಂದರೆ ಮಾಮೂಲಿ ಪೈಥಾನ್) ಇಂಟರ್‌ಪ್ರಿಟರ್ ಇಡೀ ಕಾಂಪೊನೆಂಟ್ ಒಳಗೆ ಕೂರುತ್ತೆ (ಫೈಲ್ ಅಷ್ಟು ದೊಡ್ಡದಾಗುವುದೂ ಅದಕ್ಕೇ). ಬಿಲ್ಡ್ ವೇಳೆ ಆ ಇಂಟರ್‌ಪ್ರಿಟರ್ ನಿಮ್ಮ ಮಾಡ್ಯೂಲಿನ ಮೇಲ್ಮಟ್ಟದ (ಫಂಕ್ಷನ್‌ಗಳ ಹೊರಗಿನ) ಕೋಡನ್ನೆಲ್ಲ ಓಡಿಸುತ್ತೆ. ಆ ಕ್ಷಣದ ಮೆಮೊರಿಯನ್ನು ಫೋಟೊ ತೆಗೆದ ಹಾಗೆ ಹಿಡಿದು ಫೈಲಿಗೆ ಇಳಿಸುತ್ತಾರೆ. ಆಮೇಲೆ ಸ್ಟ್ಯಾಂಡರ್ಡ್ ಲೈಬ್ರರಿಯ ಫೈಲುಗಳು ಕಾಂಪೊನೆಂಟಿಗೆ ಕಾಣುವುದಿಲ್ಲ. ಬಿಲ್ಡ್‌ನಲ್ಲಿ ಲೋಡ್ ಆಗಿದ್ದಷ್ಟೇ ಉಂಟು.

ಆದ್ದರಿಂದ ಫೈಲಿನ ತಲೆಯಲ್ಲೇ ಆ ಮಾಡ್ಯೂಲನ್ನು ಇಂಪೋರ್ಟ್ ಮಾಡಿ. ಬಳಸದ ಇಂಪೋರ್ಟ್ ಅಂತ ಲಿಂಟರ್ (ಕೋಡ್ ತಪ್ಪು ಹುಡುಕುವ ಟೂಲ್) ಗೊಣಗಿದರೂ ತೆಗೆಯಬೇಡಿ, ಪಕ್ಕದಲ್ಲಿ ಕಾರಣದ ಕಾಮೆಂಟ್ ಬರೆದಿಡಿ. ಪ್ಯಾಕೇಜಿನ ಉಪಮಾಡ್ಯೂಲುಗಳಿಗೂ ಇದೇ ನಿಯಮ: ಪ್ಯಾಕೇಜನ್ನು ಇಂಪೋರ್ಟ್ ಮಾಡಿದ ಮಾತ್ರಕ್ಕೆ ಅವು ಬಂದುಬಿಡುವುದಿಲ್ಲ. ಡೊಮೇನ್ ಹೆಸರುಗಳಿಗೆ ಬಳಸುವ ‘ಐಡಿಎನ್‌ಎ’ ಥರದ, ಬೇಕಾದಾಗಷ್ಟೇ ಲೋಡ್ ಆಗುವ ಎನ್‌ಕೋಡಿಂಗ್‌ಗಳು ಇನ್ನೂ ಹೆಚ್ಚು ಕಾಡುತ್ತವೆ. ಅಲ್ಲಿ ಬರುವುದು ‘ಗೊತ್ತಿಲ್ಲದ ಎನ್‌ಕೋಡಿಂಗ್’ ಎಂಬ ಎರರ್, ಇಂಪೋರ್ಟ್ ಸಮಸ್ಯೆ ಅಂತ ಅನ್ನಿಸುವುದೇ ಇಲ್ಲ.

ಮತ್ತೆ ಕೇಳಿದ್ದು

ಸರಿಹೋಯ್ತು ಸರ್, ತುಂಬಾ ಧನ್ಯವಾದ! ಇನ್ನೊಂದು ಅನುಮಾನ. ಶುರುವಾದ ಸಮಯವನ್ನು ಮೇಲ್ಮಟ್ಟದ ವೇರಿಯಬಲ್‌ನಲ್ಲಿ ಇಟ್ಟಿದ್ದೇನೆ. ಎಷ್ಟು ಸಲ ಓಡಿಸಿದರೂ ಅದೇ ಸಮಯ ತೋರಿಸುತ್ತೆ. ಇದಕ್ಕೂ ಅದೇ ಕಾರಣವಾ?

ಉತ್ತರ

ಹೌದು, ಅದು ಬಿಲ್ಡ್ ಮಾಡಿದ ಸಮಯ. ಆ ಸಾಲನ್ನು ಎಕ್ಸ್‌ಪೋರ್ಟ್ ಆಗುವ ಫಂಕ್ಷನ್ ಒಳಗೆ ಹಾಕಿ. ಅದಕ್ಕಿಂತ ಮುಖ್ಯವಾದದ್ದು, ದಯವಿಟ್ಟು ಈಗಲೇ ನೋಡಿಕೊಳ್ಳಿ: ಮೇಲ್ಮಟ್ಟದಲ್ಲಿ ಪಾಸ್‌ವರ್ಡನ್ನೋ ಎಪಿಐ ಕೀಯನ್ನೋ ಓದಿ ವೇರಿಯಬಲ್‌ನಲ್ಲಿ ಇಟ್ಟಿದ್ದರೆ ಅದೂ ವಾಸ್ಮ್ ಫೈಲಿನೊಳಗೆ ಸೇರಿರುತ್ತೆ. ಫೈಲ್ ಕೈಗೆ ಸಿಕ್ಕವರು ಅದನ್ನು ಹೊರತೆಗೆಯಬಹುದು. ಹಾಗೇನಾದರೂ ಇದ್ದು ಫೈಲನ್ನು ಈಗಾಗಲೇ ಯಾರಿಗಾದರೂ ಕೊಟ್ಟಿದ್ದರೆ, ಮೊದಲು ಕೀ ಬದಲಿಸಿ, ಆಮೇಲೆ ಕೋಡ್ ತಿದ್ದಿ.