ಬ್ರೇಕ್ ವಾರ್ನಿಂಗ್ ಲೈಟ್ ಹತ್ತಿ ಆರಿ ಹತ್ತಿ ಆರಿ… ಸಾಕಾಗಿದೆ

ದಣಿದ ಡ್ರೈವರ್:
ಮೀಟರಿನ ಕೆಂಪು ಬ್ರೇಕ್ ಲೈಟ್ ಮನಸ್ಸು ಬಂದಾಗ ಹತ್ತುತ್ತದೆ, ಮನಸ್ಸು ಬಂದಾಗ ಆರುತ್ತದೆ. ಮೂರು ವಾರದಿಂದ ಇದೇ ಆಟ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಹತ್ತುವುದೇ ಇಲ್ಲ. ಮೆಕ್ಯಾನಿಕ್ ನನ್ನನ್ನೇ ವಿಚಿತ್ರವಾಗಿ ನೋಡುತ್ತಾನೆ. ಬ್ರೇಕ್ ಆಯಿಲ್ ಫುಲ್ ಇದೆ, ಪ್ಯಾಡ್ ಹೊಸದು, ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಬಲ್ಬ್ ಕಿತ್ತು ಎಸೆಯೋಣ ಅನ್ನಿಸಿದೆ. ಏನಿರಬಹುದು?

ಸ್ಪ್ಯಾನರ್ ಸ್ವಾಮಿ:
ಹ್ಯಾಂಡ್‌ಬ್ರೇಕ್ ಸ್ವಿಚ್. ಕಣ್ಣು ಮುಚ್ಚಿ ಹೇಳುತ್ತೇನೆ. ಲಿವರ್ ಬುಡದಲ್ಲಿ ಪುಟ್ಟ ಗುಂಡಿ ಇರುತ್ತದೆ. ಲಿವರ್ ಪೂರ್ತಿ ಇಳಿದರೆ ಗುಂಡಿ ಒತ್ತಿಕೊಂಡು ಲೈಟ್ ಆರುತ್ತದೆ. ಹಳೇ ಗಾಡಿಯಲ್ಲಿ ಅದರ ಬ್ರಾಕೆಟ್ ಬಗ್ಗಿರುತ್ತದೆ, ಗುಂಡಿ ಅರ್ಧಂಬರ್ಧ ಒತ್ತುತ್ತದೆ. ಲೈಟ್ ಹತ್ತಿದಾಗ ಲಿವರನ್ನು ಕೈಯಲ್ಲಿ ಇನ್ನಷ್ಟು ಕೆಳಕ್ಕೆ ಒತ್ತಿ ನೋಡಿ.

ವೈರ್ ಹುಚ್ಚ:
ಸ್ವಲ್ಪ ತಡೀರಿ ಸ್ವಾಮಿ. ದಣಿದವರೇ, ಯಾವ ಇಸವಿ ಗಾಡಿ? ಎಬಿಎಸ್ ಇದೆಯಾ? ಲೈಟ್ ಹತ್ತುವಾಗ ಗಾಡಿ ಏನು ಮಾಡುತ್ತಿರುತ್ತದೆ? "ಮನಸ್ಸು ಬಂದಾಗ" ಅಂದರೆ ನಾವು ಜ್ಯೋತಿಷ್ಯ ಕೇಳಬೇಕಷ್ಟೇ.

ದಣಿದ ಡ್ರೈವರ್:
2003ರ ಪೆಟ್ರೋಲ್ ಗಾಡಿ. ಎಬಿಎಸ್ ಇಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಲಿವರ್ ಒತ್ತಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಹಾಂ, ಎಡಕ್ಕೆ ತಿರುಗುವಾಗ ಹತ್ತುತ್ತದೆ. ನೇರ ಆದ ಕೂಡಲೇ ಆರುತ್ತದೆ. ಬಲಕ್ಕೆ ತಿರುಗಿದರೆ ಏನೂ ಇಲ್ಲ.

ವೈರ್ ಹುಚ್ಚ:
ಇದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೇ! ಗಾಡಿ ಎಡಕ್ಕೆ ತಿರುಗಿದರೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿರುವ ಆಯಿಲ್ ಬಲಕ್ಕೆ ವಾಲುತ್ತದೆ. ಮಟ್ಟ ತೋರಿಸಲು ಆಯಿಲ್ ಮೇಲೆ ತೇಲುವ ಫ್ಲೋಟ್ ಎಡಗಡೆ ಇದ್ದರೆ ಒಂದು ಕ್ಷಣ ಕೆಳಗಿಳಿದು ಲೈಟ್ ಹತ್ತಿಸುತ್ತದೆ. ಮಟ್ಟ ಕಮ್ಮಿ ಇದ್ದಾಗ ಆಗುವುದೇ ಹೀಗೆ.

ದಣಿದ ಡ್ರೈವರ್:
ಆಯಿಲ್ ಫುಲ್ ಇದೆ ಅಂತ ಬರೆದಿದ್ದೇನಲ್ಲ.

ಸ್ಪ್ಯಾನರ್ ಸ್ವಾಮಿ:
ಅದಕ್ಕೇ ಹೇಳಿದ್ದು, ಹ್ಯಾಂಡ್‌ಬ್ರೇಕ್ ಸ್ವಿಚ್. ತಿರುವಿನಲ್ಲಿ ಬಾಡಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಸಡಿಲ ಸ್ವಿಚ್ ಅಲುಗಾಡುತ್ತದೆ. ನನ್ನ ಹಳೇ ಗಾಡಿಯಲ್ಲೂ ಇದೇ ಆಗಿತ್ತು.

ನಾಲ್ಕೂ ಡಿಸ್ಕ್:
ಹಿಂದೆ ಇನ್ನೂ ಡ್ರಮ್ಮಾ? ನಾನು ನನ್ನ ಗಾಡಿಗೆ ಹಿಂದೆಯೂ ಡಿಸ್ಕ್ ಕೂರಿಸಿದ್ದೇನೆ. ಸ್ಟೀಲ್ ಹೆಣಿಗೆಯ ಹೋಸ್, ಪೆಡಲ್ ತುಳಿದಾಗ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್ ಕೂಡ ದೊಡ್ಡದು. ಪೆಡಲ್ ಕಲ್ಲಿನ ಹಾಗಿದೆ. ಬ್ರೇಕ್ ಆಯಿಲ್ ಡಾಟ್ 5.1 ದರ್ಜೆಯದು ಹಾಕಿದ್ದೇನೆ. ಫೋಟೋ ಬೇಕಾದರೆ ಹಾಕುತ್ತೇನೆ.

ಹಳೇ ಕಬ್ಬಿಣ:
ಡಾಟ್ 5 ಎಲ್ಲ ಗಾಡಿಗೂ ಹಾಕಬಾರದು. ಮುಚ್ಚಳದ ಮೇಲೆ ಡಾಟ್ 3 ಅಂತ ಬರೆದಿದ್ದರೆ ಡಾಟ್ 3 ಮಾತ್ರ.

ನಾಲ್ಕೂ ಡಿಸ್ಕ್:
5 ಅಲ್ಲ ಸಾರ್, 5.1. ಡಾಟ್ 5 ಸಿಲಿಕಾನಿನದು, ಅದನ್ನು ಬೇರೆಯದರ ಜೊತೆ ಬೆರೆಸಬಾರದು. 3, 4, 5.1 ಮೂರೂ ಗ್ಲೈಕಾಲ್ ಜಾತಿಯವು. ಡಾಟ್ 3 ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ, ಡಾಟ್ 4ಕ್ಕೆ 230, 5.1ಕ್ಕೆ 260.

ಹಳೇ ಕಬ್ಬಿಣ:
ಅದು ಹೊಸ ಡಬ್ಬಿ ಒಡೆದಾಗಿನ ಲೆಕ್ಕ. ನೀರು ಹೀರಿದ ಮೇಲೆ ಡಾಟ್ 3 140ಕ್ಕೆ, ಡಾಟ್ 4 155ಕ್ಕೆ ಇಳಿಯುತ್ತದೆ. ನೀವು ಕೊನೇ ಸಲ ಯಾವಾಗ ಬದಲಾಯಿಸಿದ್ದೀರಿ?

ನಾಲ್ಕೂ ಡಿಸ್ಕ್:
ಅದು ಇಲ್ಲಿಯ ವಿಷಯ ಅಲ್ಲ.

ವೈರ್ ಹುಚ್ಚ:
ಇಲ್ಲಿಯ ವಿಷಯ ಅಲ್ಲ ಅಂತ ಅಂತೂ ಒಪ್ಪಿದಿರಲ್ಲ! ದಣಿದವರೇ, ಎರಡು ನಿಮಿಷದ ಕೆಲಸ. ಹ್ಯಾಂಡ್‌ಬ್ರೇಕ್ ಸ್ವಿಚ್‌ನ ವೈರ್ ಕಿತ್ತು, ತುದಿಗೆ ಟೇಪ್ ಸುತ್ತಿ ಓಡಿಸಿ. ಅದು, ಡಬ್ಬಿಯ ಫ್ಲೋಟ್ ಸ್ವಿಚ್, ಎರಡೂ ಸಾಮಾನ್ಯವಾಗಿ ಒಂದೇ ಬಲ್ಬನ್ನು ಅರ್ತ್ ಮಾಡಿ (ಬಾಡಿಗೆ ಸೇರಿಸಿ) ಹತ್ತಿಸುತ್ತವೆ. ಕಿತ್ತ ಮೇಲೂ ಎಡ ತಿರುವಿನಲ್ಲಿ ಹತ್ತಿದರೆ ಆ ಸ್ವಿಚ್ ಪಾರು. ಆಮೇಲೆ ಡಬ್ಬಿಯ ಕನೆಕ್ಟರ್ ಕಿತ್ತು ಅದೇ ತಿರುವಿಗೆ ಹೋಗಿ. ಪರೀಕ್ಷೆ ಮುಗಿದ ಮೇಲೆ ಎರಡನ್ನೂ ವಾಪಸ್ ಸಿಕ್ಕಿಸಿ, ಮರೀಬೇಡಿ.

ದಣಿದ ಡ್ರೈವರ್:
ಮಾಡಿದೆ. ಹ್ಯಾಂಡ್‌ಬ್ರೇಕ್ ವೈರ್ ಕಿತ್ತರೂ ಹತ್ತಿತು. ಡಬ್ಬಿಯ ಕನೆಕ್ಟರ್ ಕಿತ್ತರೆ ಹತ್ತಲಿಲ್ಲ. ಹಾಗಾದರೆ ಫ್ಲೋಟ್ ಹಾಳಾಗಿದೆ, ಅಲ್ವಾ? ಫ್ಲೋಟ್ ಇರುವ ಹೊಸ ಮುಚ್ಚಳ ತರುತ್ತೇನೆ.

ಸ್ಪ್ಯಾನರ್ ಸ್ವಾಮಿ:
ಕಾರ್ಪೆಟ್ ಕೆಳಗೆ ಆ ವೈರ್ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿರಬಹುದು. ಅದನ್ನೂ ನೋಡಿ.

ವೈರ್ ಹುಚ್ಚ:
ಹಾಗಿದ್ದರೆ ಡಬ್ಬಿಯ ಕನೆಕ್ಟರ್ ಕಿತ್ತ ಮೇಲೂ ಹತ್ತಬೇಕಿತ್ತಲ್ಲ ಸ್ವಾಮಿ. ಫ್ಲೋಟ್ ಒಡೆದು ಆಯಿಲ್ ಕುಡಿದು ಮುಳುಗುವುದುಂಟು. ಆದರೆ ಮುಳುಗಿದ್ದರೆ ಲೈಟ್ ಸದಾ ಹತ್ತಿರಬೇಕು, ಬರೀ ತಿರುವಿನಲ್ಲಿ ಅಲ್ಲ. ದಣಿದವರೇ, ಆಯಿಲ್ ನೋಡಿದ್ದು ಯಾವಾಗ? ಇವತ್ತಾ?

ದಣಿದ ಡ್ರೈವರ್:
ಹೋದ ವಾರ ತುಂಬಿಸಿದೆ. ಅದಕ್ಕೂ ಮುಂಚೆ ಒಂದು ಸಲ ತುಂಬಿಸಿದ್ದೆ. ಈಗ ನೋಡಿದರೆ ಮಿನ್ ಗೆರೆ ಹತ್ತಿರ ಇದೆ.

ಹಳೇ ಕಬ್ಬಿಣ:
ತುಂಬಿಸಿದ್ದಾ? ಎರಡು ಸಲ?!

ವೈರ್ ಹುಚ್ಚ:
ಲೈಟ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಗಾಡಿ ನಿಲ್ಲಿಸಿ, ಓಡಿಸಬೇಡಿ. ಪ್ಯಾಡ್ ಸವೆದರೆ ಮಟ್ಟ ಮೆಲ್ಲಗೆ ಇಳಿಯುತ್ತದೆ, ಅದು ತಿಂಗಳುಗಟ್ಟಲೆ ಲೆಕ್ಕ. ನಿಮ್ಮ ಪ್ಯಾಡ್ ಹೊಸದು ಅಂತೀರಿ. ಒಂದು ವಾರದಲ್ಲಿ ಇಷ್ಟು ಇಳಿದರೆ ಎಲ್ಲೋ ಸೋರುತ್ತಿದೆ.

ದಣಿದ ಡ್ರೈವರ್:
ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಹನಿ ಇಲ್ಲ. ನಾಲ್ಕೂ ಚಕ್ರದ ಒಳಬದಿ ಒಣಗಿದೆ. ಕ್ಲಚ್ ಕೇಬಲ್‌ನದು, ಆ ಕಡೆ ಆಯಿಲ್ ಹೋಗಲು ದಾರಿಯೇ ಇಲ್ಲ.

ಹಳೇ ಕಬ್ಬಿಣ:
ಡ್ರಮ್ ಬಿಚ್ಚಿ ನೋಡಿದಿರಾ? ಡ್ರಮ್ ಒಳಗೆ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿದರೆ ಒಳಗೆ ಒದ್ದೆ ಇರುತ್ತದೆ. ಹೊರಗೆ ಹನಿ ಬೀಳಲು ಎಷ್ಟೋ ದಿನ ಬೇಕು.

ದಣಿದ ಡ್ರೈವರ್:
ಬಿಚ್ಚಿದೆ. ಎರಡೂ ಕಡೆ ಧೂಳು ಬಿಟ್ಟರೆ ಏನಿಲ್ಲ. ಡ್ರಮ್ ಕೀಳಲು ಅರ್ಧ ದಿನ ಹೋಯಿತು, ಬೆರಳೂ ಜಜ್ಜಿತು.

ವೈರ್ ಹುಚ್ಚ:
ಹಾಗಾದರೆ ಉಳಿದಿರುವುದು ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್. ಅದು ಹೋದರೆ ಆಯಿಲ್ ನೆಲಕ್ಕೆ ಬೀಳುವುದಿಲ್ಲ, ನೇರ ಬೂಸ್ಟರ್ (ಪೆಡಲ್ ಹಗುರ ಮಾಡುವ ವ್ಯಾಕ್ಯೂಮ್ ಡಬ್ಬ) ಒಳಗೆ ಹೋಗುತ್ತದೆ. ಕೆಲವೊಮ್ಮೆ ವ್ಯಾಕ್ಯೂಮ್ ಪೈಪಿನಿಂದ ಎಂಜಿನ್‌ಗೆ ಎಳೆದುಕೊಂಡು ಬಿಳಿ ಹೊಗೆಯೂ ಬರುತ್ತದೆ. ಸಿಲಿಂಡರಿನ ಎರಡು ನಟ್ ಬಿಚ್ಚಿ, ಪೈಪ್ ಬಗ್ಗಿಸದೆ ಬೆರಳು ಹೋಗುವಷ್ಟು ಮುಂದಕ್ಕೆ ಎಳೆಯಿರಿ. ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ.

ಹೊಸಬ 88:
ನನ್ನ ಗಾಡಿಯಲ್ಲೂ ಇದೇ ಸಮಸ್ಯೆ, ಆದರೆ ಬ್ಯಾಟರಿ ಲೈಟೂ ಜೊತೆಗೆ ಮಂದವಾಗಿ ಹತ್ತುತ್ತದೆ. ನಾನೂ ಮಾಸ್ಟರ್ ಸಿಲಿಂಡರ್ ಬಿಚ್ಚಬೇಕಾ?

ವೈರ್ ಹುಚ್ಚ:
ಬೇಡವೇ ಬೇಡ. ಎರಡೂ ಒಟ್ಟಿಗೆ ಹತ್ತಿದರೆ ಮೊದಲು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿ. ಕೆಲವು ಹಳೇ ಗಾಡಿಗಳಲ್ಲಿ ಆ ಎರಡು ಬಲ್ಬ್‌ಗಳ ವೈರಿಂಗ್ ಸೇರಿಕೊಂಡಿರುತ್ತದೆ, ಡಯೋಡ್ ಹೋದರೆ ಹೀಗಾಗುತ್ತದೆ. ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಕಲಸಬೇಡಿ.

ನಾಲ್ಕೂ ಡಿಸ್ಕ್:
ಮಾಸ್ಟರ್ ಸಿಲಿಂಡರ್ ಹೇಗೂ ಹಾಕಿಸುತ್ತೀರಿ ಅಂದರೆ ದೊಡ್ಡ ಬೋರ್ (ಒಳವ್ಯಾಸ) ಇರುವುದೇ ಹಾಕಿಸಿ.

ಹಳೇ ಕಬ್ಬಿಣ:
ಕೇಳಬೇಡಿ. ಬೋರ್ ದೊಡ್ಡದಾದರೆ ಅಷ್ಟೇ ಹಿಡಿತಕ್ಕೆ ಪೆಡಲ್ ಜಾಸ್ತಿ ಬಲ ಹಾಕಿ ತುಳಿಯಬೇಕು. ಕಲ್ಲಿನ ಹಾಗಿದೆ ಅಂದಿದ್ದರಲ್ಲ, ಅದಕ್ಕೇ.

ದಣಿದ ಡ್ರೈವರ್:
ಎಳೆದು ನೋಡಿದೆ. ಹಿಂಭಾಗ ಪೂರ್ತಿ ಒದ್ದೆ. ಬೂಸ್ಟರ್ ಕೆಳಗಿನ ಪೇಂಟ್ ಚರ್ಮ ಸುಲಿದ ಹಾಗೆ ಎದ್ದು ಬಂದಿದೆ. ಹೊಸ ಸಿಲಿಂಡರ್ ಹಾಕಿಸಿ ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆಸಿಯಾಯಿತು. ಬೂಸ್ಟರ್ ಒಳಗಿದ್ದ ಆಯಿಲ್ ಸಿರಿಂಜಿನಲ್ಲಿ ಎಳೆದರು. ಅದರ ರಬ್ಬರ್ ಪೊರೆ ಎಷ್ಟು ದಿನ ಬಾಳುತ್ತದೋ ನೋಡಬೇಕು. ಹತ್ತು ದಿನದಿಂದ ಮಟ್ಟ ಇಳಿದಿಲ್ಲ, ಲೈಟ್ ಹತ್ತಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಸ್ಪ್ಯಾನರ್ ಸ್ವಾಮಿ:
ಒಳ್ಳೇದಾಯ್ತು. ಆದರೂ ಆ ಹ್ಯಾಂಡ್‌ಬ್ರೇಕ್ ಸ್ವಿಚ್ ಒಂದು ಸಲ ಬಿಚ್ಚಿ ಕ್ಲೀನ್ ಮಾಡಿಬಿಡಿ.

ದಣಿದ ಡ್ರೈವರ್:
ಅದರ ವೈರ್ ವಾಪಸ್ ಸಿಕ್ಕಿಸುವುದೇ ಮರೆತಿದ್ದೆ. ಈಗ ಹೋಗಿ ಹಾಕುತ್ತೇನೆ.